ತೆಂಗಿನ ನೀರಿನ ಸನ್ನ

ಗಂಡನನ್ನು ಮನೆಯಲ್ಲಿ ಉಳಿಸಿಕೊಳ್ಳಬೇಕು. ಸೆಲೀನಳಿಗಿದ್ದ ಹಠ ಅದೊಂದೇ. ಚಿನ್ನ ಬೇಡ, ತಾರಸಿ ಮನೆ ಬೇಡ, ಶಿರ್ವದ ಇಗರ್ಜಿಯಲ್ಲಿ ಮುಂದಿನ ಬೆಂಚಿನಲ್ಲೇ ಕುಳಿತು ಸೆಂಟಿನ ಪರಿಮಳ ಹಬ್ಬಿಸುವ ಹೆಂಗಸರ ನೈಲೆಕ್ಸ್ ಸೀರೆಯೂ ಬೇಡ. ಲೂಯಿಸ್ ಮನೆಯಲ್ಲಿದ್ದರೆ ಸಾಕು.

ಪಾಪ, ಅವಳಾದರೂ ಗಂಡನನ್ನು ಕಂಡದ್ದು ಎಷ್ಟು? ಅವನು ಬೊಂಬಾಯಿಯಲ್ಲಿ ಒಂದು ಗಿರಣಿಯ ಕ್ಯಾಂಟೀನಿನಲ್ಲಿದ್ದ. ಎರಡು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಬರುತ್ತಿದ್ದ, ಹಿತ್ತಲಿನ ಹಲಸಿನಹಣ್ಣು ತಿಂದು ಮುಗಿಯುವುದರೊಳಗೆ ಟ್ರಂಕು ಎತ್ತುತ್ತಿದ್ದ. ಮಗಳು ಝೀಟಾ ಚಿಕ್ಕವಳಿರುವಾಗ ಒಮ್ಮೆ ನೆಂಟರ ಎದುರು ಅಪ್ಪನನ್ನು ‘ಬೊಂಬಾಯಿಯ ಮಾಮ’ ಎಂದು ಕರೆದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೆಲೀನ್ ಅಡುಗೆಮನೆಗೆ ಹೋಗಿ ಅತ್ತಳು.

ಎಂಬತ್ತೆರಡರಲ್ಲಿ ಬೊಂಬಾಯಿಯ ಗಿರಣಿಗಳಲ್ಲಿ ಮುಷ್ಕರ ಶುರುವಾಯಿತು. ವರ್ಷ ಕಳೆದರೂ ಬಾಗಿಲು ತೆರೆಯಲಿಲ್ಲ. ಲೂಯಿಸ್ ಟ್ರಂಕು ಹೊತ್ತು ಊರಿಗೆ ಬಂದ. ಅಯ್ಯೋ ಕೆಲಸ ಹೋಯಿತಂತೆ ಎಂದು ನೆರೆಕರೆಯವರು ಮುಖ ಸಣ್ಣ ಮಾಡಿಕೊಂಡು ವಿಚಾರಿಸಲು ಬಂದರೆ ಸೆಲೀನ್ ಕೂಡ ಹೌದಪ್ಪ ಎಂದು ಮುಖ ಸಣ್ಣ ಮಾಡುತ್ತಿದ್ದಳು. ಆದರೆ ಆ ಭಾನುವಾರ ಯಾರಿಗೂ ಕಾಣದ ಹಾಗೆ ಮಾತೆಯ ಪ್ರತಿಮೆಯ ಎದುರು ಒಂದು ಮೊಂಬತ್ತಿ ಹೊತ್ತಿಸಿ ಬಂದಿದ್ದಳು.

ಅವಳ ಸಂತೋಷಕ್ಕೆ ಕಲ್ಲು ಹಾಕಿದವನು ಮೈದುನ ಆಂಟನಿ. ಮಸ್ಕತ್ತಿನಲ್ಲಿದ್ದ ಅವನು, ಅಣ್ಣನಿಗೆ ಒಂದು ಕ್ಯಾಂಪಿನಲ್ಲಿ ಅಡುಗೆಯ ಕೆಲಸ ಉಂಟು, ವೀಸಾ ಮಾಡಿಸುತ್ತೇನೆ, ಕ್ರಿಸ್ಮಸ್‌ನೊಳಗೆ ಹೌದೋ ಅಲ್ಲವೋ ಹೇಳಿ ಎಂದು ಊರಿಗೆ ಬಂದವರೊಬ್ಬರ ಕೈಯಲ್ಲಿ ಹೇಳಿ ಕಳುಹಿಸಿದ.

‘ಹೋಗು’ ಎಂದರು ಅತ್ತೆ ಜೆರ್ಟ್ರೂಡ್ ಬಾಯಿ. ‘ಗಂಡಸು ಮನೆಯಲ್ಲಿ ಕುಳಿತು ಹೆಂಡತಿಯ ಸೀರೆಯ ನೆರಿಗೆ ಎಣಿಸುವುದು ಚಂದವಾ?’

‘ನಾನು ಎಣಿಸಿ ಕೊಡುತ್ತೇನೆ ಮಾಂಯ್, ಅವರು ಎಣಿಸುವುದು ಬೇಡ. ಇಲ್ಲಿಯೇ ಎಂತಾದರೂ ಮಾಡುವ’ ಎಂದಳು ಸೆಲೀನ್.

‘ಎಂತ ಮಾಡುತ್ತೀಯಾ?’

‘ಸನ್ನ.’

ಆ ಮನೆಯ ಸನ್ನಕ್ಕೆ ಮೊದಲಿನಿಂದಲೂ ಹೆಸರು. ಸನ್ನವೆಂದರೆ ನೋಡಲಿಕ್ಕೆ ಇಡ್ಲಿಯ ತಂಗಿಯಂತೆ. ತಿಂದರೆ ಇಡ್ಲಿಗಿಂತ ಮೆತ್ತಗೆ, ನಾಲಗೆಯ ತುದಿಗೆ ಒಂದಿಷ್ಟು ಸಿಹಿ. ಹಿಟ್ಟು ಉಬ್ಬಲಿಕ್ಕೆ ಅದಕ್ಕೆ ಸುರ್ ಬೇಕು. ಸುರ್ ಎಂದರೆ ಬೇರೆ ಎಂತದೂ ಅಲ್ಲ, ಕಳ್ಳು. ಅಣ್ಣು ಪೂಜಾರಿ ಸಂಜೆ ಮರದಿಂದ ಇಳಿಸಿ, ನೊರೆ ಆರುವ ಮೊದಲೇ ತಂದುಕೊಡುವ ತೆಂಗಿನ ಕಳ್ಳು. ಅದನ್ನು ಹಿಟ್ಟಿಗೆ ಹೊಯ್ದು ಮುಚ್ಚಿಟ್ಟರೆ ಬೆಳಗಾಗುವಾಗ ಹಿಟ್ಟು ಮುಚ್ಚಳವನ್ನೇ ಎತ್ತಿ ಇಣುಕುತ್ತಿತ್ತು. ಜೆರ್ಟ್ರೂಡ್ ಬಾಯಿ ಹಬ್ಬಕ್ಕೆ, ಮದುವೆಗೆ ಕೇಳಿದವರಿಗೆ ಮಾಡಿಕೊಡುತ್ತಿದ್ದರು. ಅದನ್ನೇ ದಿನವೂ ಮಾಡಿ ಮಾರಿದರೇನು ಎಂಬುದು ಸೆಲೀನಳ ಲೆಕ್ಕಾಚಾರ. ಲೂಯಿಸ್‌ಗೂ ಅದು ಸರಿಯೆನಿಸಿತು. ಯಾರದೋ ಕ್ಯಾಂಪಿನಲ್ಲಿ ಯಾರಿಗೋ ಬೇಯಿಸಿ ಹಾಕುವುದಕ್ಕಿಂತ ತನ್ನ ಮನೆಯ ಒಲೆಯೇ ವಾಸಿ ಎಂದ. ಜೆರ್ಟ್ರೂಡ್ ಬಾಯಿ ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಅಟ್ಟದ ಮೇಲಿದ್ದ ದೊಡ್ಡ ತೊಂದೂರನ್ನು, ಅಂದರೆ ಹಬೆಯಲ್ಲಿ ಬೇಯಿಸುವ ಆ ತಾಮ್ರದ ಪಾತ್ರೆಯನ್ನು, ಕೆಳಗಿಳಿಸಿ ಹುಣಸೆಹುಳಿ ಹಾಕಿ ತಿಕ್ಕಲು ಕುಳಿತರು.

ಶಿರ್ವದ ಪೇಟೆಯ ಎರಡು ಚಹಾದಂಗಡಿ, ಕಟಪಾಡಿಯ ಒಂದು ಹೋಟೆಲು, ಇಷ್ಟರಲ್ಲಿ ಹೊಟ್ಟೆ ತುಂಬುವಂತಿರಲಿಲ್ಲ. ಮಣಿಪಾಲದಲ್ಲಿ ಊರೂರಿನ ವಿದ್ಯಾರ್ಥಿಗಳು ಸೇರಿದ್ದಾರೆ, ಅಲ್ಲಿ ನೋಡುವ ಎಂದು ಗಂಡ ಹೆಂಡತಿ ಒಂದು ಬುಟ್ಟಿ ಸನ್ನ ಹಿಡಿದುಕೊಂಡು ಬಸ್ಸು ಹತ್ತಿದರು. ಹಾಸ್ಟೆಲುಗಳ ಹಿಂದಿನ ಇಳಿಜಾರಿನಲ್ಲಿ ಕಾಪುವಿನ ಉಮಾನಾಥ ಎಂಬವನದ್ದು ಒಂದು ಹಂಚಿನ ಮಾಡಿನ ಕ್ಯಾಂಟೀನು. ಲೂಯಿಸ್‌ಗಿಂತ ಚಿಕ್ಕ ಪ್ರಾಯ. ನಗುಮುಖ. ಕ್ರಿಸ್ತುವರನ್ನು ಕರೆಯುವ ಊರಿನ ಕ್ರಮದಂತೆ ಲೂಯಿಸ್‌ನನ್ನು ‘ಬನ್ನಿ ಪೊರ್ಬುಗಳೇ’ ಎಂದು ಕರೆದ. ಒಂದು ಸನ್ನ ಬಾಯಿಗೆ ಹಾಕಿದ, ಇನ್ನೊಂದು ಹಾಕಿದ, ಮೂರನೆಯದನ್ನು ಒಳಗಿದ್ದ ಹೆಂಡತಿ ಮೋಹಿನಿಗೆ ಕೊಟ್ಟ.

‘ಬಾಯಮ್ಮ, ಇದು ಇಡ್ಲಿಯಲ್ಲ, ಹತ್ತಿ! ನಮ್ಮ ಹುಡುಗರು ಬಿಡಲಿಕ್ಕಿಲ್ಲ. ಅಂದ ಹಾಗೆ, ಸನ್ನಕ್ಕೆ ಕಳ್ಳು ಹಾಕುತ್ತಾರೆ ಅಂತ ಕೇಳಿದ್ದೇನೆ. ಹೌದಾ?’

ಸೆಲೀನ್ ತಲೆ ಎತ್ತಿದಳು. ಉಮಾನಾಥನ ತಲೆಯ ಮೇಲೆ ನೀಲಿ ಬಣ್ಣದ ಬೋರ್ಡು ತೂಗುತ್ತಿತ್ತು: ಶುದ್ಧ ಸಸ್ಯಾಹಾರಿ. ಶುದ್ಧ ಎಂಬುದನ್ನು ಉಳಿದುದಕ್ಕಿಂತ ದೊಡ್ಡದಾಗಿ ಬರೆಸಿದ್ದರು. ಹೌದು ಎಂದರೆ ಇಲ್ಲಿಗೇ ಮುಗಿಯಿತು, ಬುಟ್ಟಿ ಹೊತ್ತು ವಾಪಸು, ಮತ್ತೆ ಮಸ್ಕತ್ತು ಎಂದು ಅವಳಿಗೆ ತೋಚಿತು.

‘ಛೆ, ಇಲ್ಲಪ್ಪ. ನಾವು ತೆಂಗಿನ ನೀರು ಹಾಕುವುದು’ ಎಂದಳು.

‘ತೆಂಗಿನ ನೀರಾ? ಅದಕ್ಕೇ ಈ ಸಿಹಿ. ಹಾಗಾದರೆ ನಾಳೆಯಿಂದಲೇ ತನ್ನಿ.’

ಹಿಂದಿರುಗುವಾಗ ಬಸ್ಸಿನಲ್ಲಿ ಲೂಯಿಸ್ ಅವಳ ಕಿವಿಯ ಹತ್ತಿರ ಬಾಗಿದ. ‘ತೆಂಗಿನ ನೀರಾ?’

‘ಮತ್ತೆಂತ? ಅಡಿಕೆಯ ನೀರಾ? ತೆಂಗಿನ ಮರದಿಂದಲೇ ಇಳಿಯುವುದಲ್ವಾ ಅದು?’

ಲೂಯಿಸ್ ಎಷ್ಟು ಜೋರಾಗಿ ನಕ್ಕನೆಂದರೆ ಮುಂದಿನ ಸೀಟಿನವರು ಹಿಂತಿರುಗಿ ನೋಡಿದರು. ಗಂಡನ ಜೊತೆ ಬಸ್ಸಿನಲ್ಲಿ ಕುಳಿತು ನಗುವುದು ಇಷ್ಟು ಸುಖದ ವಿಷಯ ಎಂದು ಸೆಲೀನಳಿಗೆ ಗೊತ್ತೇ ಇರಲಿಲ್ಲ.

ಮನೆಯ ಕ್ರಮವೇ ಬದಲಾಯಿತು. ಮಧ್ಯಾಹ್ನದ ಊಟದ ಪಾತ್ರೆ ತೊಳೆಯುವ ಮೊದಲೇ ಅಕ್ಕಿ, ಉದ್ದು ನೆನೆದು ಕಾಯುತ್ತಿದ್ದವು. ಕಡೆಯುವ ಕಲ್ಲಿನ ಒಂದು ಬದಿ ಸೆಲೀನ್, ಇನ್ನೊಂದು ಬದಿ ಶಾಲೆಯಿಂದ ಬಂದ ಝೀಟಾ. ಸಂಜೆ ಅಣ್ಣು ಸುರ್ ತರುತ್ತಿದ್ದ. ಕೋಳಿ ಕೂಗುವ ಮೊದಲು ಜೆರ್ಟ್ರೂಡ್ ಬಾಯಿ ಒಲೆ ಹೊತ್ತಿಸುತ್ತಿದ್ದರು. ಬುಟ್ಟಿಗಳನ್ನು ಮೊದಲ ಬಸ್ಸಿನ ಮೇಲೇರಿಸುವುದು ಲೂಯಿಸ್‌ನ ಕೆಲಸ. ಕಂಡಕ್ಟರಿಗೆ ದಿನಾ ನಾಲ್ಕು ಸನ್ನ ಕೊಡದಿದ್ದರೆ ಅವನಿಗೆ ಬುಟ್ಟಿ ಭಾರ ಕಾಣುತ್ತಿತ್ತು.

ಜಗಳಗಳೇನು ಕಡಿಮೆಯೇ? ಸೌದೆ ಹಸಿ ಎಂದು ಒಂದು ದಿನ, ಉದ್ದು ಹೆಚ್ಚಾಯಿತು ಎಂದು ಇನ್ನೊಂದು ದಿನ. ಝೀಟಾಳ ಅಂಗೈಯಲ್ಲಿ ಗುಳ್ಳೆ ಎದ್ದು ಅವಳು ಪೆನ್ನು ಹಿಡಿಯಲಾಗುವುದಿಲ್ಲ ಎಂದು ಅತ್ತಳು. ‘ಹುಡುಗಿಗೆ ಮೆಟ್ರಿಕ್ ಪರೀಕ್ಷೆ ಉಂಟು ಅಂತ ನಿನಗೆ ನೆನಪುಂಟಾ?’ ಎಂದು ಜೆರ್ಟ್ರೂಡ್ ಬಾಯಿ ಸೊಸೆಯನ್ನು ತರಾಟೆಗೆ ತೆಗೆದುಕೊಂಡರು. ಆ ಮೇಲೆ ಕಲ್ಲಿನ ಇನ್ನೊಂದು ಬದಿಗೆ ಲೂಯಿಸ್ ಕುಳಿತ. ಪಕ್ಕದ ಮನೆಯ ಎಸ್ತರ್ ಬಂದು, ‘ಗಂಡಸು ಹಿಟ್ಟು ಕಡೆಯುವುದಾ ಮಾರಾಯ್ತಿ!’ ಎಂದು ಗಲ್ಲಕ್ಕೆ ಕೈಯಿಟ್ಟರೆ ಲೂಯಿಸ್, ‘ನಿಮ್ಮ ಗಂಡನನ್ನೂ ಕಳುಹಿಸಿ, ಎರಡು ಕಲ್ಲು ಉಂಟು’ ಎಂದ. ಸೆಲೀನಳಿಗೆ ಸೊಂಟ ಮುರಿಯುವಷ್ಟು ಕೆಲಸ. ಆದರೂ ಅವಳು ಮೈ ತುಂಬಿಕೊಂಡಳು ಎಂದು ಊರವರು ಹೇಳುತ್ತಿದ್ದರು.

ಒಂದು ದಿನ ತೊಂದೂರಿನಿಂದ ಸನ್ನ ತೆಗೆಯುತ್ತಾ ಜೆರ್ಟ್ರೂಡ್ ಬಾಯಿ ಕೇಳಿದರು: ‘ಅದು ಸಸ್ಯಾಹಾರದ ಕ್ಯಾಂಟೀನು ಅಲ್ವಾ? ಸುರ್ ಹಾಕುವುದನ್ನು ಅವನಿಗೆ ಹೇಳಿದ್ದೀಯಾ?’

‘ಸನ್ನಕ್ಕೆ ಸುರ್ ಹಾಕುವುದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ ಮಾಂಯ್?’

ಮುದುಕಿ ಅದನ್ನೇ ಉತ್ತರವೆಂದು ತಿಳಿದುಕೊಂಡರು. ಸೆಲೀನ್ ಹಾಗೆಯೇ ತಿಳಿಯಲು ಬಿಟ್ಟಳು.

ನವೆಂಬರಿನ ನಡುವಿನಲ್ಲಿ ಒಂದು ಮಧ್ಯಾಹ್ನ ಉಮಾನಾಥ ತಾನೇ ಮನೆಗೆ ಬಂದ. ಜೆರ್ಟ್ರೂಡ್ ಬಾಯಿ ಇಗರ್ಜಿಗೆ ಹೋಗಿದ್ದರು. ಲೂಯಿಸ್ ಅಕ್ಕಿಗೆಂದು ಪೇಟೆಗೆ ಹೋಗಿದ್ದ. ಉಮಾನಾಥ ಕಪ್ಪು ಪಂಚೆ ಉಟ್ಟಿದ್ದ, ಬರಿಗಾಲು, ಕುತ್ತಿಗೆಯಲ್ಲಿ ಅಯ್ಯಪ್ಪನ ಮಾಲೆ. ಕೈಯಲ್ಲಿ ಹೊಸ ಅಲ್ಯುಮಿನಿಯಂ ಪಾತ್ರೆ.

‘ಮದುವೆಯಾಗಿ ಎಂಟು ವರ್ಷ ಮಕ್ಕಳಿರಲಿಲ್ಲ ಬಾಯಮ್ಮ. ಮೂರು ವರ್ಷ ಬೆಟ್ಟ ಹತ್ತುತ್ತೇನೆ ಅಂತ ಹರಕೆ ಹೇಳಿಕೊಂಡೆ, ಹೆಣ್ಣು ಮಗು ಆಯಿತು. ಇದು ಮೂರನೆಯ ವರ್ಷ, ಕೊನೆಯದು’ ಎಂದ ಉಮಾನಾಥ. ‘ವ್ರತ ಮುಗಿಯುವ ತನಕ ಹೊರಗಿನದ್ದು ನಾನು ಬಾಯಿಗಿಡುವುದಿಲ್ಲ. ನಿಮ್ಮ ಸನ್ನ ಒಂದು ಬಿಟ್ಟು. ನೀವು ಸ್ನಾನ ಮಾಡಿ, ಈ ಪಾತ್ರೆಯಲ್ಲಿ ನನ್ನದನ್ನು ಬೇರೆ ಇಟ್ಟರೆ ಸಾಕು. ಅಕ್ಕಿ, ಉದ್ದು, ತೆಂಗಿನ ನೀರು. ಅದರಲ್ಲಿ ಅಶುದ್ಧ ಎಂತ ಉಂಟು?’

‘ನಮ್ಮ ಮನೆಯದ್ದು... ನಿಮಗೆ ಆಗುತ್ತದಾ ಸ್ವಾಮಿ?’

‘ಅಯ್ಯಪ್ಪನಿಗೆ ಜಾತಿ ಎಲ್ಲಿ ಉಂಟು?’

ನಿಜ ಹೇಳಿಬಿಡುವ ಎಂದುಕೊಂಡಳು. ಆದರೆ ಈಗ ಹೇಳಿದರೆ ಮೊದಲು ಹೇಳಿದ್ದು ಸುಳ್ಳೆಂದು ಹೇಳಿದ ಹಾಗಾಗುತ್ತದೆ. ಅವಳು ಪಾತ್ರೆ ತೆಗೆದುಕೊಂಡು ಅವನನ್ನು ಕಳುಹಿಸಿಕೊಟ್ಟಳು.

ಬಾಗಿಲ ಹಿಂದೆ ಪುಸ್ತಕ ಹಿಡಿದು ನಿಂತಿದ್ದ ಝೀಟಾ ಕೇಳಿದಳು: ‘ಅಮ್ಮ, ಮಾಲೆ ಹಾಕಿದವರು ಕಳ್ಳು ಮುಟ್ಟಬಾರದು ಅಲ್ವಾ? ನಮ್ಮ ಕ್ಲಾಸಿನ ಹುಡುಗಿಯ ಅಪ್ಪ...’

‘ನೀನು ಓದು ಹೋಗು!’ ಎಂದು ಸೆಲೀನ್ ಗದರಿಸಿದ ಸದ್ದಿಗೆ ಜಗಲಿಯ ಕೋಳಿಗಳು ಹಾರಿದವು.

ಸುಳ್ಳನ್ನು ನಿಜ ಮಾಡಿಬಿಡುತ್ತೇನೆ ಎಂದು ಹೊರಟಳು ಸೆಲೀನ್. ಅವನ ಪಾತ್ರೆಯ ಹಿಟ್ಟಿಗೆ ಸುರ್ ಬಿಟ್ಟು ನಿಜವಾಗಿಯೂ ತೆಂಗಿನಕಾಯಿ ಒಡೆದು ಅದರ ನೀರು ಹೊಯ್ದಳು. ಸಕ್ಕರೆ ಹಾಕಿ ನೋಡಿದಳು, ಒಲೆಯ ಬುಡದಲ್ಲಿ ಬೆಚ್ಚಗಿಟ್ಟು ನೋಡಿದಳು. ಹಿಟ್ಟು ಮಿಸುಕಲಿಲ್ಲ. ಸನ್ನಗಳು ಚಪ್ಪಟೆಯಾಗಿ, ಗೋಡೆಗೆ ಹೊಡೆದರೆ ವಾಪಸು ಬರುವ ಹಾಗಾದವು. ನಾಲ್ಕನೆಯ ದಿನ ಲೂಯಿಸ್ ಮಣಿಪಾಲದಿಂದ ಬಂದು, ‘ಸ್ವಾಮಿಗೆ ಬೇಸರ ಆಗಿದೆ. ಹುಡುಗರಿಗೆ ಹತ್ತಿ, ನನಗೆ ಕಲ್ಲಾ ಪೊರ್ಬುಗಳೇ ಅಂತ ಕೇಳಿದ. ಅವರಿಗೆ ಕೊಡುವುದನ್ನೇ ನನಗೂ ಕೊಡಿ ಅಂದ’ ಎಂದ.

‘ಎಂತ ಮಾಡುವುದು ಈಗ?’

‘ಅವನೇ ಕೇಳಿದನಲ್ಲ. ಕೊಡು. ಬೇಯುವಾಗ ಸುರ್ ಎಲ್ಲ ಹಬೆಗೆ ಹೋಗುತ್ತದೆ ಮಾರಾಯ್ತಿ. ಸನ್ನ ತಿಂದು ಅಮಲೇರಿದವರನ್ನು ಎಲ್ಲಾದರೂ ಕಂಡಿದ್ದೀಯಾ?’

ಮರುದಿನದಿಂದ ಅವನ ಪಾತ್ರೆಗೂ ಸುರ್ ಬಿತ್ತು. ಸೆಲೀನ್ ಮಾತ್ರ ಅದನ್ನು ಮುಟ್ಟುವ ಮೊದಲು ತಣ್ಣೀರು ಸ್ನಾನ ಮಾಡುವುದನ್ನು ಬಿಡಲಿಲ್ಲ. ಎಂತಹ ಹುಚ್ಚು ನೋಡಿ, ಮಿಂದು ಮಡಿಯಲ್ಲಿ ಕಳ್ಳು ಹೊಯ್ಯುವುದು! ಒಂದು ಸಂಜೆ ಅಣ್ಣು ಸುರ್ ಅಳೆದು ಕೊಡುತ್ತಾ, ತಾನು ಹಿಂದೊಮ್ಮೆ ಮಾಲೆ ಹಾಕಿದ ವರ್ಷ ಕತ್ತಿಯನ್ನು ಅಟ್ಟಕ್ಕೆಸೆದು, ಮರ ಹತ್ತದೆ, ಗದ್ದೆ ಕೆಲಸಕ್ಕೆ ಹೋದದ್ದನ್ನು ಸುಮ್ಮನೆ ಮಾತಿಗೆಂದು ಹೇಳಿದ. ಸೆಲೀನಳಿಗೆ ಆ ರಾತ್ರಿ ಊಟ ಸೇರಲಿಲ್ಲ.

ಡಿಸೆಂಬರು ಬಂತು. ಒಂದು ಮಧ್ಯಾಹ್ನ ಬಂಗುಡೆ ಸಾರಿನ ಊಟಕ್ಕೆ ಎಲ್ಲರೂ ಕುಳಿತಿದ್ದಾಗ ಲೂಯಿಸ್ ಹಿಗ್ಗಿನಿಂದ ಸುದ್ದಿ ಹೇಳಿದ: ‘ದೊಡ್ಡ ಆರ್ಡರು! ಕಾಪುವಿನಲ್ಲಿ ಉಮಾನಾಥನ ಊರಿನ ಮಾಲೆಯವರೆಲ್ಲ ಇರುಮುಡಿ ಕಟ್ಟಿ ಹೊರಡುವ ದಿನ ಬೆಳಗಿನ ಫಲಾಹಾರ ಅವನದ್ದಂತೆ. ಎಲ್ಲರಿಗೂ ನಮ್ಮ ಸನ್ನವೇ.’

ಜೆರ್ಟ್ರೂಡ್ ಬಾಯಿಯ ಕೈ ಬಟ್ಟಲಿನಲ್ಲೇ ನಿಂತಿತು. ‘ಮಾಲೆಯವರು ಅಂದರೆ? ಅಯ್ಯಪ್ಪನ ಮಾಲೆಯವರಾ? ಸುರ್ ಹಾಕಿದ್ದನ್ನು ಅವರು ತಿನ್ನುತ್ತಾರಾ?’

ಲೂಯಿಸ್ ಮೀನಿನ ಮುಳ್ಳು ಬಿಡಿಸತೊಡಗಿದ. ಝೀಟಾ ಅಮ್ಮನ ಮುಖ ನೋಡಿದಳು.

‘ಸೆಲೀನ್, ನಿನ್ನನ್ನೇ ಕೇಳುವುದು. ಅವನಿಗೆ ಹೇಳಿದ್ದೀಯಾ ಇಲ್ಲವಾ?’

‘ಇಲ್ಲ.’

‘ಅವನೂ ಮಾಲೆ ಹಾಕಿದ್ದಾನಾ?’

‘ಹಾಕಿದ್ದಾರೆ. ಮಗುವಿಗಾಗಿ ಹೇಳಿಕೊಂಡ ಹರಕೆಯಂತೆ. ಇಷ್ಟು ದಿನ ನಮ್ಮ ಸನ್ನವನ್ನೇ ತಿಂದಿದ್ದಾರೆ’ ಎಂದಳು ಸೆಲೀನ್. ‘ಕಳ್ಳು ಹಾಕುತ್ತೀರಾ ಅಂತ ಕೇಳಿದ್ದರು. ತೆಂಗಿನ ನೀರು ಅಂತ ಹೇಳಿದ್ದೆ.’

‘ಜೇಜು!’ ಎಂದು ಮುದುಕಿ ಎದೆಗೆ ಕೈಯಿಟ್ಟುಕೊಂಡರು.

‘ಅಮ್ಮ, ಸುಮ್ಮನೆ ದೊಡ್ಡದು ಮಾಡಬೇಡ. ಹಬೆಯಲ್ಲಿ ಅದು ಹೋಗುತ್ತದೆ’ ಎಂದ ಲೂಯಿಸ್.

‘ಹೌದಾ? ಗುಡ್ ಫ್ರೈಡೇ ದಿನ ನನ್ನ ಗಂಜಿಗೆ ಯಾರಾದರೂ ಹಂದಿಯ ಸಾರು ಹೊಯ್ದು, ಕುದಿದು ಹೋಗಿದೆ ಬಾಯಮ್ಮ, ಉಣ್ಣಿ ಅಂದರೆ ನೀನು ಅವರಿಗೆ ಎಂತ ಮಾಡುತ್ತಿದ್ದೆ?’

‘ನಿನಗೆ ಗೊತ್ತಾದರಲ್ವಾ?’

‘ನನಗೆ ಗೊತ್ತಾಗದಿದ್ದರೆ ಆಯಿತಾ? ಹೊಯ್ದವನಿಗೆ ಗೊತ್ತುಂಟಲ್ಲ! ಹೊಯ್ದವನು ಹೇಗೆ ನಿದ್ರೆ ಮಾಡುತ್ತಾನೆ?’

ಸೆಲೀನ್ ಬಟ್ಟಲು ನೂಕಿ ಎದ್ದಳು. ಇಷ್ಟು ವಾರ ಅದುಮಿಟ್ಟದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. ‘ನಿದ್ರೆ ಎಲ್ಲಿ ಉಂಟು ನನಗೆ? ಹೇಳಿದರೆ ಆರ್ಡರು ಹೋಗುತ್ತದೆ. ಆರ್ಡರು ಹೋದರೆ ಇವರು ಮಸ್ಕತ್ತಿಗೆ ಹೋಗುತ್ತಾರೆ. ನಿಮಗೆ ಅದೇ ಬೇಕಲ್ವಾ? ನಿಮ್ಮ ಗಂಡ ಗದ್ದೆಯಲ್ಲಿದ್ದರು, ಮೂರು ಹೊತ್ತೂ ನಿಮ್ಮ ಕೈಯಿಂದಲೇ ಉಂಡರು. ನನ್ನವರು ಎಷ್ಟು ಹೊತ್ತು ಉಂಡಿದ್ದಾರೆ ನನ್ನ ಕೈಯಿಂದ? ಹೇಳಿ!’

ಜೆರ್ಟ್ರೂಡ್ ಬಾಯಿ ಎದ್ದು ಕೈ ತೊಳೆದು ಬಂದರು. ಅವರ ಸ್ವರ ತಗ್ಗಿತ್ತು.

‘ನಿನ್ನ ಕಷ್ಟ ನನಗೆ ಕಾಣುವುದಿಲ್ಲ ಅಂತ ತಿಳಿಯಬೇಡ. ಆದರೆ ಅವನು ಮಗುವಿಗೆ ಹೇಳಿಕೊಂಡ ಹರಕೆ ಅದು. ನಾಳೆ ನೀನು ಹೋಗಿ ಹೇಳು. ನೀನು ಹೋಗದಿದ್ದರೆ ನಾನು ಬಸ್ಸು ಹತ್ತುತ್ತೇನೆ.’

ಮರುದಿನ ಬುಟ್ಟಿಗಳಿಲ್ಲದೆ ಸೆಲೀನ್ ಒಬ್ಬಳೇ ಹೋದಳು. ಲೂಯಿಸ್ ನಾನೂ ಬರುತ್ತೇನೆ ಎಂದರೂ ಬೇಡವೆಂದಳು; ಸುಳ್ಳು ಹೇಳಿದ ಬಾಯಿ ತನ್ನದು. ಕ್ಯಾಂಟೀನಿನಲ್ಲಿ ಹುಡುಗರ ಗಲಾಟೆ ಇಳಿಯುವ ತನಕ ಹೊರಗಿನ ಬೆಂಚಿನಲ್ಲಿ ಕುಳಿತಳು. ಒಳಗೆ ಮೋಹಿನಿ ಮಗುವಿಗೆ ರಾಗಿಮಣ್ಣಿ ತಿನ್ನಿಸುತ್ತಿದ್ದಳು.

‘ಎಂತ ಬಾಯಮ್ಮ, ಇವತ್ತು ಸನ್ನ ಬರಲಿಲ್ಲ? ಪೊರ್ಬುಗಳಿಗೆ ಹುಷಾರಿಲ್ಲವಾ?’ ಎಂದು ಉಮಾನಾಥ ಬಂದ.

‘ಹುಷಾರಿದ್ದಾರೆ ಸ್ವಾಮಿ. ನಾನು ಒಂದು ವಿಷಯ ಹೇಳಲಿಕ್ಕೆ ಬಂದೆ. ಸನ್ನಕ್ಕೆ ನಾವು ಹಾಕುವುದು ತೆಂಗಿನ ನೀರಲ್ಲ. ಕಳ್ಳು.’

ಅವನು ತಮಾಷೆಯೆಂದು ಒಂದು ಕ್ಷಣ ನಕ್ಕ. ಅವಳ ಮುಖ ನೋಡಿ ನಗು ಅರ್ಧಕ್ಕೆ ನಿಂತಿತು.

‘ಯಾವಾಗಿನಿಂದ?’

‘ಮೊದಲಿನಿಂದ.’

‘ನನ್ನ ಪಾತ್ರೆಯದ್ದಕ್ಕೆ?’

‘ಮೊದಲು ಕೆಲವು ದಿನ ಹಾಕಲಿಲ್ಲ. ಗಟ್ಟಿ ಅಂದಿರಿ. ಆ ಮೇಲೆ ಹಾಕಿದೆ.’

‘ಮಾಲೆ ಹಾಕಿದವರಿಗೆ ಅದು ಆಗುವುದಿಲ್ಲ ಅಂತ ನಿಮಗೆ ಗೊತ್ತಿರಲಿಲ್ಲ ಅಲ್ವಾ?’ ಎಂದು ಕೇಳಿದ ಉಮಾನಾಥ. ಪಾಪ, ಅವನೇ ಅವಳಿಗೊಂದು ದಾರಿ ಬಿಟ್ಟುಕೊಟ್ಟ. ಇಲ್ಲ ಎಂದರೆ ಸಾಕಿತ್ತು, ಹೇಗೂ ತಿಳಿಯದೆ ಆದ ತಪ್ಪು ಎಂದಾಗುತ್ತಿತ್ತು.

‘ಗೊತ್ತಿತ್ತು’ ಎಂದಳು ಸೆಲೀನ್.

ಒಳಗೆ ಚಮಚದ ಸದ್ದು ನಿಂತಿತು. ಮೋಹಿನಿ ಮಗುವನ್ನೆತ್ತಿಕೊಂಡು ಬಾಗಿಲಿಗೆ ಬಂದು ಗಂಡನನ್ನೂ ಸೆಲೀನಳನ್ನೂ ನೋಡಿದಳು, ಮಗುವಿನ ತಲೆಯನ್ನು ಹೆಗಲಿಗೆ ಒತ್ತಿ ಹಿಡಿದು ಒಳಗೆ ಹೋದಳು. ಉಮಾನಾಥ ಮಾಲೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ಇದ್ದ. ಬಯ್ಯುತ್ತಾನೆ ಎಂದು ಸೆಲೀನ್ ಕಾದಳು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಅವನು ಹಿಂದೆ ಹೋಗಿ ಅವರ ಮನೆಯ ಖಾಲಿ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು ತಂದುಕೊಟ್ಟ.

‘ನಾಳೆಯಿಂದ ತರುವುದು ಬೇಡ’ ಎಂದ.

ಸೆಲೀನ್ ಬುಟ್ಟಿ ತೆಗೆದುಕೊಂಡು ಬಸ್ಸು ಹತ್ತಿದಳು.

ಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು, ಗೊತ್ತಿತ್ತು ಎಂದದ್ದನ್ನೂ ಸೇರಿಸಿ. ಲೂಯಿಸ್ ಖಾಲಿ ಬುಟ್ಟಿಗಳನ್ನು ಮೂಲೆಗೆ ಸರಿಸಿದ. ‘ಹಾಗಾದರೆ ಆಂಟನಿಗೆ ತಂತಿ ಕೊಡುತ್ತೇನೆ’ ಎಂದ.

‘ಸ್ವಲ್ಪ ದಿನ ನೋಡುವ. ಉಡುಪಿಯಲ್ಲಿ ಬೇರೆ ಯಾರನ್ನಾದರೂ ಕೇಳುವ’ ಎಂದಳು ಸೆಲೀನ್.

‘ಯಾರನ್ನು ಕೇಳುವುದು? ಈ ಸುದ್ದಿ ಕಟಪಾಡಿ ದಾಟುವ ಮೊದಲೇ ಎಲ್ಲರ ಕಿವಿಗೆ ಬಿದ್ದಿರುತ್ತದೆ. ಎರಡು ಚಹಾದಂಗಡಿಯ ಸನ್ನದಲ್ಲಿ ಝೀಟಾಳನ್ನು ಕಾಲೇಜಿಗೆ ಕಳುಹಿಸಲಿಕ್ಕೆ ಆಗುತ್ತದಾ?’

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ.

ಆ ವರ್ಷದ ಕ್ರಿಸ್ಮಸ್ಸಿಗೆ ಜೆರ್ಟ್ರೂಡ್ ಬಾಯಿ ಹಬ್ಬದ ತಿಂಡಿಗಳಾದ ನೇವ್ರಿ ಮಾಡಿದರು, ಕಿಡಿಯೋ ಮಾಡಿದರು, ತಿನ್ನುವ ಮನಸ್ಸು ಯಾರಿಗೂ ಇರಲಿಲ್ಲ. ಆಂಟನಿ ಭಾರೀ ಚುರುಕಿನವನು. ಹೊಸ ವರ್ಷ ಕಳೆಯುವಷ್ಟರಲ್ಲಿ ವೀಸಾ ಬಂತು. ಹೊರಡುವ ದಿನ ಬೆಳಿಗ್ಗೆ ಲೂಯಿಸ್ ಸನ್ನ ಕೇಳಿದ. ಸೆಲೀನ್ ಬಿಸಿಬಿಸಿಯಾಗಿ ಬಡಿಸಿದಳು, ಅವನು ಎಂಟು ತಿಂದ, ಸಾಕೆಂದರೂ ಇನ್ನೆರಡು ಹಾಕಿದಳು. ಕಟಪಾಡಿಯ ಜಂಕ್ಷನ್ನಿನಲ್ಲಿ ಬೊಂಬಾಯಿಯ ಬಸ್ಸು ಹೊರಟಾಗ ಎಲ್ಲರಿಗಿಂತ ಜೋರಾಗಿ ಅತ್ತವರು ಜೆರ್ಟ್ರೂಡ್ ಬಾಯಿ. ‘ಹೋಗು ಅಂತ ಹೇಳಿದವಳು ನಾನೇ ಅಲ್ವಾ’ ಎಂದು ಮೂಗು ಒರೆಸಿಕೊಳ್ಳುತ್ತಾ ಸೊಸೆಯ ಕೈ ಹಿಡಿದುಕೊಂಡರು. ಸೆಲೀನ್ ಅಳಲಿಲ್ಲ. ಬಸ್ಸು ಹತ್ತಿಸುವುದು ಅವಳಿಗೆ ಅಭ್ಯಾಸವಿತ್ತು.

ಮಕರ ಸಂಕ್ರಾಂತಿ ಕಳೆದು ಕೆಲವು ದಿನಗಳ ಮೇಲೆ ಒಂದು ಸಂಜೆ ಅಂಗಳದಲ್ಲಿ ಯಾರೋ ಕೆಮ್ಮಿದ ಸದ್ದಾಯಿತು. ಉಮಾನಾಥ. ಬಿಳಿ ಅಂಗಿ, ಬಿಳಿ ಪಂಚೆ, ಕಾಲಲ್ಲಿ ಚಪ್ಪಲಿ. ಸೆಲೀನ್ ಕಲ್ಲಿನ ಮುಂದಿನಿಂದ ಎದ್ದು ನಿಂತಳು. ಕುಳಿತುಕೊಳ್ಳಿ ಎಂದು ಹೇಳಲೂ ಧೈರ್ಯವಾಗಲಿಲ್ಲ. ಜೆರ್ಟ್ರೂಡ್ ಬಾಯಿ ಮಣೆ ತಂದಿಟ್ಟರು.

‘ಬೆಟ್ಟಕ್ಕೆ ಹೋಗಿ ಬಂದಿರಾ ಮಗ?’

‘ಇಲ್ಲ ದೊಡ್ಡ ಬಾಯಮ್ಮ. ಗುರುಸ್ವಾಮಿ ಮಾಲೆ ತೆಗೆಸಿದರು. ಮುಂದಿನ ವರ್ಷ ಪುನಃ ಮೊದಲಿನಿಂದ.’ ಅವನು ಸೆಲೀನಳ ಕಡೆ ನೋಡದೆಯೇ ಮಾತನಾಡುತ್ತಿದ್ದ. ‘ಹುಡುಗರು ಸನ್ನ ಎಲ್ಲಿ, ಸನ್ನ ಎಲ್ಲಿ ಅಂತ ದಿನಾ ಪ್ರಾಣ ತಿನ್ನುತ್ತಾರೆ. ನಾಳೆಯಿಂದ ಪುನಃ ಬೇಕಿತ್ತು.’

ಸೆಲೀನಳಿಗೆ ತನ್ನ ಕಿವಿಯನ್ನು ನಂಬಲಾಗಲಿಲ್ಲ. ‘ತರುವುದು ಬೇಡ ಅಂದಿರಲ್ಲ ನೀವು?’

‘ವ್ರತ ಹಾಳಾದ ದಿನ ಮತ್ತೆಂತ ಹೇಳಬೇಕಿತ್ತು? ಬನ್ನಿ, ಸನ್ನ ತನ್ನಿ ಅಂತ ಹೇಳಬೇಕಿತ್ತಾ? ಯಾವತ್ತಿಗೂ ಬೇಡ ಅಂತ ಹೇಳಿದೆನಾ?’

‘ಆದರೆ ಕಳ್ಳು... ನಿಮ್ಮ ಬೋರ್ಡಿನಲ್ಲಿ ಶುದ್ಧ ಸಸ್ಯಾಹಾರಿ ಅಂತ...’

ಉಮಾನಾಥ ಆಗ ಮೊದಲ ಬಾರಿಗೆ ಅವಳನ್ನು ನೇರವಾಗಿ ನೋಡಿದ. ‘ಕಳ್ಳು ಎಂತ ಬಾಯಮ್ಮ, ಮೀನಾ? ಮರದ್ದಲ್ವಾ ಅದು? ನಾನು ಆ ದಿನ ಕೇಳಿದ್ದು ಸುಮ್ಮನೆ ತಿಳಿದುಕೊಳ್ಳಲಿಕ್ಕೆ. ಹೌದು ಅಂದಿದ್ದರೂ ತೆಗೆದುಕೊಳ್ಳುತ್ತಿದ್ದೆ. ಮಾಲೆ ಹಾಕಿದ ಮೇಲೆ ಹೇಳಿದ್ದರೂ ಸಾಕಿತ್ತು, ವ್ರತ ಮುಗಿಯುವ ತನಕ ನಾನು ಅವಲಕ್ಕಿ ತಿನ್ನುತ್ತಿದ್ದೆ, ಹುಡುಗರು ಸನ್ನ ತಿನ್ನುತ್ತಿದ್ದರು. ಅಷ್ಟೇ ಇದ್ದದ್ದು.’

ಸೆಲೀನ್ ಕಲ್ಲಿನ ಅಂಚು ಹಿಡಿದುಕೊಂಡಳು. ಅಷ್ಟೇ ಇದ್ದದ್ದು.

‘ಇನ್ನು ಮೇಲೆ ಎಂತ ಹಾಕುತ್ತೀರಿ ಅಂತ ದೊಡ್ಡ ಬಾಯಮ್ಮನ ಹತ್ತಿರ ಕೇಳುತ್ತೇನೆ’ ಎಂದು ಉಮಾನಾಥ ಎದ್ದ. ‘ಲೂಯಿಸ್ ಪೊರ್ಬುಗಳಿಗೆ ಹೇಳಿ, ಮೊದಲ ಬಸ್ಸಿಗೇ ಬರಲಿ. ಎಲ್ಲಿ ಅವರು, ಕಾಣುವುದಿಲ್ಲ?’

ಜೆರ್ಟ್ರೂಡ್ ಬಾಯಿ ಸೊಸೆಯನ್ನು ನೋಡಿದರು.

‘ಮಸ್ಕತ್ತಿಗೆ ಹೋದರು’ ಎಂದಳು ಸೆಲೀನ್. ‘ಕಳೆದ ವಾರ.’

ಉಮಾನಾಥ ಅಂಗಳಕ್ಕಿಳಿದು ಚಪ್ಪಲಿಗೆ ಕಾಲು ಹಾಕಿದವನು ಹಿಂತಿರುಗಿ, ಸ್ವರ ತಗ್ಗಿಸಿ ಕೇಳಿದ: ‘ಹಾಗಾದರೆ ಬುಟ್ಟಿ ತರುವುದು ಯಾರು?’

‘ನಾನೇ’ ಎಂದಳು ಸೆಲೀನ್.